ನಮ್ಮೂರ ಹೂವು ನೆಲದಲ್ಲಿಲ್ಲ, ಕೂಸೇ

ಶಿರಸಿ
ಸಂಕ್ರಾಂತಿಯ ಮರುದಿನ

ಕೂಸೇ,

ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆ ಕೊಯ್ಲು ಮುಗಿಯುತ್ತ ಬಂತು, ನಿನ್ನ ದೊಡ್ಡಪ್ಪನ ಬೆನ್ನುನೋವು ಮಾತ್ರ ಮುಗಿದಿಲ್ಲ.

ನೀನು ಕಳಿಸಿದ ಟೂರ್ ಪ್ಲಾನ್ ನೋಡಿದೆ. ಮೂರು ದಿನಕ್ಕೆ ಹನ್ನೊಂದು ಜಾಗ! ಇದು ಹೂವು ನೋಡುವವರ ಪಟ್ಟಿ ಅಲ್ಲ, ಬಸ್ ಕಂಡಕ್ಟರನ ಪಟ್ಟಿ. ಜೊತೆಗೆ ಒಂದು ಫೋಟೋ ಬೇರೆ. ಗುಡ್ಡದ ತುಂಬ ಹಳದಿ, ನೇರಳೆ ಹೂವು ಹಾಸಿದ್ದು. 'ದೊಡ್ಡಾಯಿ, ಮಾರ್ಚ್ ಏಪ್ರಿಲಿನಲ್ಲಿ ಇಂಥದ್ದು ನಿಮ್ಮ ಕಡೆ ಎಲ್ಲಿ ಸಿಗುತ್ತದೆ?' ಅಂತ ಕೇಳಿದ್ದೀಯೆ.

ಎಲ್ಲಿಯೂ ಸಿಗುವುದಿಲ್ಲ. ಆ ಫೋಟೋ ಮಹಾರಾಷ್ಟ್ರದ ಸಾತಾರದ ಕಾಸ್ ಪ್ರಸ್ಥಭೂಮಿಯದ್ದು ಇರಬೇಕು. ಅಲ್ಲಿ ಅದು ಆಗಸ್ಟ್, ಸೆಪ್ಟೆಂಬರಿನ ಮಾತು, ಮಳೆಯ ಹೂವು. ನಮ್ಮಲ್ಲಿಯೂ ನೆಲದ ಹೂವು ಮಳೆಯದ್ದೇ. ಗೌರಿ ಹೂವು, ಕರ್ಣಕುಂಡಲ ಎಲ್ಲ ಚೌತಿ ಹೊತ್ತಿಗೆ ಬರುತ್ತವೆ. ಫೆಬ್ರವರಿ ಮಾರ್ಚಿಗೆ ನಮ್ಮ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಒಣಹುಲ್ಲು ಬಿಟ್ಟರೆ ಏನಿಲ್ಲ. ಆಗ ಹೂವು ಬಿಡುವುದು ಮರ. ಹಾಗಾಗಿ ನೀನು ಮೊದಲು ಬದಲಿಸಬೇಕಾದದ್ದು ಜಾಗವನ್ನಲ್ಲ, ಕತ್ತನ್ನು. ಕಾರಿನ ಕಿಟಕಿಯಿಂದ ಕೆಳಗೆ ನೋಡುತ್ತ ಬಂದರೆ ಧೂಳು ಮಾತ್ರ ಕಂಡೀತು.

ಎರಡನೆಯದು ದಿನ. ನೀನು ಏಪ್ರಿಲ್ ಮೊದಲ ವಾರ ಅಂತ ಬರೆದಿದ್ದೀಯೆ. ಆಫೀಸಿಗೆ ರಜೆ ಅಂತಲೇ? ನಾವೂ ಒಮ್ಮೆ ಹಾಗೇ ಮಾಡಿದ್ದೆವು. ಮುತ್ತುಗದ ಹೂವು ನೋಡಬೇಕು ಅಂತ ನಾನು ಹಟ ಹಿಡಿದು ನಿನ್ನ ದೊಡ್ಡಪ್ಪನನ್ನು ಮುಂಡಗೋಡದ ಕಡೆ ಹೊರಡಿಸಿದೆ. ಹೊರಟದ್ದು ಯುಗಾದಿ ಕಳೆದ ಮೇಲೆ. ಮರದ ತುಂಬ ಚಪ್ಪಟೆ ಕಾಯಿ. 'ಇದನ್ನು ನೋಡಲು ಪೆಟ್ರೋಲು ಸುಟ್ಟೆಯಲ್ಲ' ಎಂದು ಅವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಶಿವರಾತ್ರಿ ಕಳೆದ ಮೇಲೆ ಬಾ, ಹೋಳಿ ಹುಣ್ಣಿಮೆಯ ಒಳಗೆ ಬಾ. ಆ ಹದಿನೈದು ದಿನ ನಮ್ಮ ಜಿಲ್ಲೆಯಲ್ಲಿ ಜಾಸ್ತಿ ಹೂವು. ಶಿವರಾತ್ರಿಗೇ ಬರಬೇಡ, ಗೋಕರ್ಣದ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರಲ್ಲಿ ಇತ್ತು, ಮುಂದಿನದು ನೀನೇ ಲೆಕ್ಕ ಹಾಕು. ಜಾತ್ರೆಯ ವರ್ಷ ಆ ಒಂಬತ್ತು ದಿನ ಬಿಟ್ಟು ಬಾ. ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಇಲ್ಲಿ ಬೇಡರ ವೇಷದ ಕುಣಿತ ಇರುತ್ತದೆ. ಅದಕ್ಕೆ ಒಂದು ರಾತ್ರಿ ಹೆಚ್ಚಿಗೆ ಇಟ್ಟುಕೊಂಡರೆ ನಷ್ಟವಿಲ್ಲ.

ಈಗ ದಾರಿ. ನಾನು ಹೇಳುವುದು ಇಷ್ಟೇ: ಒಣಗಿದ ಕಡೆಯಿಂದ ಹಸಿರಿನ ಕಡೆಗೆ ಬಾ, ಅಲ್ಲಿಂದ ಸಮುದ್ರಕ್ಕೆ ಇಳಿ. ಬೆಂಗಳೂರಿನಿಂದ ಹಾವೇರಿ ಮೇಲೆ ಶಿರಸಿಗೆ ಸುಮಾರು 400 ಕಿಲೋಮೀಟರು. ನೇರ ಬರಬೇಡ. ಹಾನಗಲ್ಲಿನಿಂದ ಮುಂಡಗೋಡಕ್ಕೆ ಸುತ್ತಿ ಬಾ. ಅಲ್ಲಿ ಮಳೆ ಕಡಿಮೆ, ಕಾಡು ಎಲೆ ಉದುರಿಸುತ್ತದೆ. ಮುತ್ತುಗ ಒಂದೂ ಎಲೆ ಇಲ್ಲದೆ ಮೈತುಂಬ ಕೇಸರಿ ಹೊತ್ತು ನಿಂತಿರುತ್ತದೆ. ಎಲೆ ಇಲ್ಲದ್ದರಿಂದ ಹಕ್ಕಿಗೆ ಹೂವು ದೂರದಿಂದಲೇ ಕಾಣುತ್ತದೆ. ಮೈನಾ, ಸೂರಕ್ಕಿಗಳು ಮಕರಂದಕ್ಕೆ ಬಂದು ಪರಾಗ ಒಯ್ಯುವುದು. ಬೂರುಗವೂ ಹಾಗೇ. ಕೆಂಪು ಹೂವು ದಪದಪ ಬೀಳುತ್ತಿರುತ್ತದೆ, ಬಿದ್ದದ್ದನ್ನು ಜಿಂಕೆ, ಮಂಗ ತಿನ್ನುತ್ತವೆ. ಬಿದ್ದ ಮುತ್ತುಗದ ಹೂವು ಒಂದು ಚೀಲ ಆರಿಸಿಕೋ. ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಓಕುಳಿಗೆ ಬಣ್ಣ ರೆಡಿ. ಮರಕ್ಕೆ ಕೈ ಹಚ್ಚಬೇಡ.

ಮಧ್ಯಾಹ್ನ ಮೂರರೊಳಗೆ ಮುಂಡಗೋಡ ಬಿಡು. ಶಿರಸಿಯ ಕಡೆ ಬರುತ್ತ ಬರುತ್ತ ಎಲೆ ದಟ್ಟವಾಗುವುದು ಕಾಣುತ್ತದೆ. ಒಂದೂವರೆ ಗಂಟೆಯ ದಾರಿಯಲ್ಲಿ ಎರಡು ಬೇರೆ ಕಾಡು. ಇದನ್ನು ಯಾರೂ ಫೋಟೋ ತೆಗೆಯುವುದಿಲ್ಲ. ನನಗೆ ಮಾತ್ರ ಇಡೀ ಪ್ರವಾಸದಲ್ಲಿ ನೋಡಬೇಕಾದದ್ದು ಇದೇ ಅನಿಸುತ್ತದೆ.

ಎರಡನೇ ದಿನ ಕಾರು ನಮ್ಮ ಅಂಗಳದಲ್ಲೇ ಇರಲಿ. ಸಹಸ್ರಲಿಂಗ, ಯಾಣ, ಬನವಾಸಿ, ಜೋಗ ಎಲ್ಲ ಒಂದೇ ದಿನಕ್ಕೆ ಬರೆದಿದ್ದೀಯಲ್ಲ, ಅದನ್ನು ಹೊಡೆದು ಹಾಕು. ಮಾರ್ಚಿನಲ್ಲಿ ಜೋಗದಲ್ಲಿ ಬಂಡೆ ನೋಡಿಕೊಂಡು ಬರಬೇಕು. ಬೆಳಿಗ್ಗೆ ಆರಕ್ಕೆ ಏಳು. ನಮ್ಮ ಕೆರೆ ದಂಡೆಯ ರಂಜಲು ಮರದ ಬುಡದಲ್ಲಿ ಹೂವು ಬಿದ್ದಿರುತ್ತದೆ. ನೀವು ಬಕುಳ ಅನ್ನುವುದು ಅದನ್ನೇ. ನಡುವೆ ತೂತಿರುವ ಹೂವು, ಬಾಳೆನಾರಿಗೆ ಸುಮ್ನೆ ಪೋಣಿಸಿದರಾಯಿತು. ಆಮೇಲೆ ಹಳ್ಳದ ಗುಂಟ ನಡೆದರೆ ಸೀತಾ ಅಶೋಕ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಉದ್ದಕ್ಕೆ ನಿಂತಿದೆಯಲ್ಲ, ಅದು ಅಶೋಕ ಅಲ್ಲವೇ ಅಲ್ಲ. ನಿಜವಾದ ಅಶೋಕದ ಗೊಂಚಲು ಕೊಂಬೆಗೆ ಅಂಟಿಕೊಂಡೇ ಬಿಡುತ್ತದೆ. ಮೊದಲು ಕಿತ್ತಳೆ, ದಿನ ಕಳೆದಂತೆ ಕೆಂಪು. ತೊಗಟೆ ಔಷಧಿಗೆ ಅಂತ ಕೆತ್ತಿ ಕೆತ್ತಿ ಕಾಡಿನಲ್ಲಿ ಈ ಮರ ಕಡಿಮೆಯಾಗಿದೆ. ನಮ್ಮ ಹಳ್ಳದಲ್ಲಿ ಮೂರು ಉಳಿದಿವೆ. ಸಾಯಂಕಾಲ ಮನಸ್ಸಾದರೆ ಸಾಲ್ಕಣಿ ಕಡೆ ಹೋಗಿ ಬರೋಣ. 1983ರ ಸೆಪ್ಟೆಂಬರಿನಲ್ಲಿ ಜನ ಮರ ಅಪ್ಪಿಕೊಂಡು ಕೊಡಲಿ ನಿಲ್ಲಿಸಿದ್ದು ಅಲ್ಲಿ.

ಇನ್ನು ಹೆದರಿಸುವ ಮಾತು. ಓದದೆ ದಾಟಬೇಡ. ಈ ತಿಂಗಳುಗಳೇ ಉಣುಗಿನ ಕಾಲ. ಎಳ್ಳಿಗಿಂತ ಸಣ್ಣ ಮರಿ, ದರಕಿನಲ್ಲಿ, ಅಂದರೆ ಉದುರಿದ ಒಣಎಲೆಯಲ್ಲಿ, ಕೂತಿರುತ್ತದೆ, ಕಚ್ಚಿದ್ದೂ ತಿಳಿಯುವುದಿಲ್ಲ. ಮಂಗನ ಕಾಯಿಲೆ ಬರುವುದು ಅದರಿಂದ. 1957ರಲ್ಲಿ ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು, ಸಿದ್ದಾಪುರದ ಕಡೆ ಈಗಲೂ ಬಿಟ್ಟಿಲ್ಲ. ನಮ್ಮಲ್ಲಿ ದರಕು ಗುಡಿಸಲು ಬರುತ್ತಿದ್ದವನೊಬ್ಬ ಇದೇ ಜ್ವರದಲ್ಲಿ ತಿಂಗಳುಗಟ್ಟಲೆ ಎದ್ದಿರಲಿಲ್ಲ. ಅದಕ್ಕೇ ಹೇಳುವುದು, ಕಾಲುದಾರಿ ಬಿಟ್ಟು ಒಳಗೆ ನುಗ್ಗಬೇಡಿ. ಒಣಎಲೆಯ ಮೇಲೆ ಕೂತು ಫೋಟೋ ಬೇಡ. ಪೂರ್ತಿ ಮುಚ್ಚುವ ಪ್ಯಾಂಟು, ಕಾಲುಚೀಲ ಇರಲಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಮನೆಯಲ್ಲಿದೆ, ಹಚ್ಚಿಕೊಂಡೇ ಹೊರಡುವುದು. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ನಮಗೆ ಹೇಳು. ಬೆಂಗಳೂರಿಗೆ ಹೋದಮೇಲೆ ಒಂದೆರಡು ವಾರದಲ್ಲಿ ಜ್ವರ, ತಲೆನೋವು ಬಂದರೆ 'ಶಿರಸಿಯ ಕಾಡಿಗೆ ಹೋಗಿದ್ದೆ' ಎಂದು ಡಾಕ್ಟರಿಗೆ ಮೊದಲೇ ಹೇಳಬೇಕು. ನೀನು ಹೇಳದಿದ್ದರೆ ಅವರಿಗೆ ಹೊಳೆಯುವುದು ಡೆಂಗ್ಯೂ. ನಿನ್ನ ಗೆಳತಿಯರಿಗೂ ಇದನ್ನು ಓದಿ ಹೇಳು. ಮತ್ತೆ ಆ ಸ್ಟವ್ ಒಯ್ದು ಕಾಡಿನಲ್ಲಿ ಚಹಾ ಮಾಡುವ ಆಸೆ ಬಿಡು. ಒಂದು ಕಿಡಿ ಬಿದ್ದರೆ ಬೆಟ್ಟವೇ ಹೋಗುತ್ತದೆ. ಚಹಾ ನಾನು ಫ್ಲಾಸ್ಕಿನಲ್ಲಿ ಕೊಡುತ್ತೇನೆ.

ಮೂರನೇ ದಿನ ಘಟ್ಟ ಇಳಿಯುವುದು. ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ಶುರುವಾದ ಮೇಲೆ ಯಾವಾಗ ಬಂದ್, ಯಾವಾಗ ಓಪನ್ ಎಂದು ನಾವೇ ಕೇಳಿಕೊಂಡು ಹೊರಡುತ್ತೇವೆ. ಬಂದ್ ಇದ್ದರೆ ಸಿದ್ದಾಪುರದ ಮೇಲೆ ದೊಡ್ಡಮನೆ ಘಟ್ಟ. ಮ್ಯಾಪನ್ನು ನಂಬಬೇಡ, ಕಾಡಿನ ನಡುವೆ ನೆಟ್‌ವರ್ಕೂ ಇರುವುದಿಲ್ಲ. ನಿಮ್ಮಲ್ಲಿ ಘಟ್ಟದಲ್ಲಿ ಗಾಡಿ ಓಡಿಸಿದವರು ಯಾರು? ಅವರೇ ಸ್ಟಿಯರಿಂಗ್ ಹಿಡಿಯಲಿ. ಇಳಿಯುವಾಗ ಸೆಕೆಂಡ್ ಗೇರಿನಲ್ಲೇ ಇರಬೇಕು, ಬ್ರೇಕನ್ನೇ ಒತ್ತುತ್ತ ಬಂದರೆ ಅದು ಕಾದು ಹಿಡಿಯುವುದಿಲ್ಲ. ಹೂವು ಕಂಡಿತು ಅಂತ ತಿರುವಿನಲ್ಲಿ ನಿಲ್ಲಿಸಿದರೆ ಹಿಂದಿನಿಂದ ಬರುವ ಲಾರಿಯವನಿಗೆ ಹೂವು ಕಾಣುವುದಿಲ್ಲ.

ಕೆಳಗೆ ಇಳಿದ ಮೇಲೆ ಸುರಗಿ. ಇದೊಂದಕ್ಕಾಗಿ ಉಳಿದ ಹತ್ತು ಜಾಗ ಬಿಟ್ಟರೂ ತಪ್ಪಿಲ್ಲ. ನನ್ನ ತವರು ಕುಮಟೆಯ ಕಡೆ ಎಂಬುದು ನಿನಗೆ ಗೊತ್ತು. ಹಿತ್ತಲ ಆಚೆ ದೇವರ ಕಾಡಿನಲ್ಲಿ ಒಂದು ಸುರಗಿ ಮರ ಇತ್ತು. ಹೂವು ರೆಂಬೆ ತುದಿಯಲ್ಲಿ ಅಲ್ಲ, ಬಲಿತ ಕೊಂಬೆಯ ಮೈಮೇಲೇ ಬಿಡುತ್ತದೆ. ಅರಳಿದರೆ ಬಿಳಿ ಎಸಳು, ನಡುವೆ ಹಳದಿ ಕೇಸರದ ಉಂಡೆ. ಬೆಳಕು ಹರಿಯುವ ಮೊದಲೇ ಆಯಿ ಎಬ್ಬಿಸುತ್ತಿದ್ದಳು. ಅಣ್ಣ ಮರ ಹತ್ತಿ ಕೊಂಬೆ ಬಡಿಯುವುದು, ನಾವು ಕೆಳಗೆ ಹಳೆ ಸೀರೆ ಹಿಡಿದು ನಿಲ್ಲುವುದು. ಬಿಸಿಲು ಏರಿತೋ, ಜೇನು ಮುತ್ತಿಕೊಂಡು ಹತ್ತಿರ ಬಿಡುತ್ತಿರಲಿಲ್ಲ. ಮರ ಕಾಣುವ ಮೊದಲು ಅದರ ಗುಂಯ್ ಅನ್ನುವ ಸದ್ದೇ ಕೇಳುವುದು. ಬೇರೆ ಹೂವು ಬಾಡಿದರೆ ಮುಗಿಯಿತು, ಸುರಗಿಯ ಪರಿಮಳ ಒಣಗಿದ ಮೇಲೂ ಹೋಗುವುದಿಲ್ಲ. ಆಯಿ ದಂಡೆ ಕಟ್ಟಿ ಒಣಗಿಸಿ ಸೀರೆ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ನನ್ನ ಧಾರೆ ಸೀರೆಯ ನಡುವೆ ಅವಳು ಇಟ್ಟುಕೊಟ್ಟ ದಂಡೆ ಈಗ ಪುಡಿಯಾಗಿದೆ. ಪೆಟ್ಟಿಗೆ ತೆಗೆದರೆ ಇನ್ನೂ ಸಣ್ಣಗೆ ಬರುತ್ತದೆ.

ಮರ ಸಿಗದಿದ್ದರೆ ಬೆಳಿಗ್ಗೆ ಕುಮಟೆ ಪೇಟೆಗೆ ಹೋಗು. ಹೂವಿನ ಬುಟ್ಟಿ ಹೊತ್ತ ಹಾಲಕ್ಕಿ ಒಕ್ಕಲಿಗ ಹೆಂಗಸರನ್ನು ಕೇಳು. ಚೌಕಾಸಿ ಮಾಡಬೇಡ, ಕತ್ತಲೆಯಲ್ಲಿ ಎದ್ದು ಕೊಯ್ದದ್ದು ಅದು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರ ಹೆಸರು ಕೇಳಿದ್ದೀಯಲ್ಲ, ಕಾಡಿನ ಸಸಿ ಬೆಳೆಸಿ 2020ರ ಪದ್ಮಶ್ರೀ ಪಡೆದವರು. ಅವರೂ ಇದೇ ಹಾಲಕ್ಕಿ ಜನ. ಯಾವ ತಾಯಿಮರದ ಬೀಜ ಆರಿಸಬೇಕು ಎಂದು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಸಮುದ್ರಕ್ಕೆ ಹೋದರೆ ಮರಳಿನ ಮೇಲೆ ಅಡುಂಬು ಬಳ್ಳಿ ಸಿಗುತ್ತದೆ, ನೇರಳೆ ಹೂವು. ನೆಲದ ಹೂವೇ ಬೇಕು ಅಂದಿದ್ದೆಯಲ್ಲ, ಅದನ್ನು ನೋಡಿ ಸಮಾಧಾನ ಮಾಡಿಕೋ. ವಾಪಸ್ ಹೊನ್ನಾವರ, ಗೇರುಸೊಪ್ಪೆ, ಸಾಗರದ ಮೇಲೆ ಹೋದರೆ ದಾರಿಯೂ ಬದಲಾಗುತ್ತದೆ. ಬೆಳಕಿರುವಾಗಲೇ ಘಟ್ಟ ಹತ್ತಿ.

ಕಾರಿನಲ್ಲಿ ಐದು ಜನ ಎಂದು ಬರೆದಿದ್ದೀಯೆ. ನಾಲ್ಕು ಮಾಡು. ಕುಮಟೆಗೆ ನಾನೂ ಬರುತ್ತೇನೆ. ಸುರಗಿ ಬಿಡುವ ಹೊತ್ತಿಗೆ ನಮಗೆ ಇಲ್ಲಿ ಸಾವಿರ ಕೆಲಸ. ಆ ಕಾಲದಲ್ಲಿ ತವರಿಗೆ ಹೋಗಿ ಎಷ್ಟು ವರ್ಷವಾಯಿತೋ. ಮರ ಇದೆಯೋ ಇಲ್ಲವೋ ಎಂದು ತಮ್ಮನಿಗೆ ಫೋನ್ ಮಾಡಿ ಕೇಳಬಹುದಿತ್ತು, ಕೇಳಿಲ್ಲ.

ಮುಂದಿನ ಸೀಟು ನನಗೆ. ಹಿಂದೆ ಕೂತರೆ ದೇವಿಮನೆಯ ಮೊದಲ ತಿರುವಿಗೇ ನನಗೆ ವಾಂತಿ.

ಇತಿ,
ನಿನ್ನ ದೊಡ್ಡಾಯಿ

ತಾ.ಕ.: ಕಳೆದ ಸಲ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ದ ಎರಡು ಭರಣಿ ಮರೆಯದೆ ತಾ. ಈ ಸಲದ ಮಿಡಿ ಅದೇ ಹೊತ್ತಿಗೆ ಬರುತ್ತದೆ.