ಗಿರಣಿಯ ಪಾಳಿ

ಧಾರವಾಡ
ಶ್ರಾವಣದ ಒಂದು ಮಧ್ಯಾಹ್ನ

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದು ಹನ್ನೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಒಂದು ದಿನ ಬ್ಯಾಂಕು, ಇನ್ನೊಂದು ದಿನ ಒಲೆಯ ರಿಪೇರಿ, ನಡುವೆ ಪಂಚಮಿ ಹಬ್ಬದ ಉಂಡಿ ಕಟ್ಟುವ ಕೆಲಸ, ಉಳಿದದ್ದೆಲ್ಲ ಮಳೆ ನೋಡುತ್ತ ಕುಳಿತ ಸೋಮಾರಿತನ. ಪತ್ರದ ತುಂಬ ನನ್ನನ್ನು ‘ಮೇಡಂ’ ಎಂದು ಕರೆದಿದ್ದೀಯ. ನಾನು ಕೆಲಸಕ್ಕೆ ಸೇರಿದಾಗ ಶಾಲೆಯ ಮಕ್ಕಳು ‘ಅಕ್ಕಾವರು’ ಎನ್ನುತ್ತಿದ್ದರು. ನಿವೃತ್ತಳಾಗುವ ಹೊತ್ತಿಗೆ ಅದು ‘ಮೇಡಂ’ ಆಗಿತ್ತು. ಎರಡೂ ಸಾಕಾಗಿವೆ. ನೀನು ಅಕ್ಕ ಎನ್ನು.

ನೀನು ಕಳಿಸಿದ ಪ್ರಬಂಧವನ್ನು ಎರಡು ಸಲ ಓದಿದೆ. ಪಡಿತರ ಅಂಗಡಿಯ ಮುಂದೆ ಪಾಳಿ ಹಚ್ಚಿದ ಒಂದು ಬೆಳಗಿನ ಬಗ್ಗೆ ಬರೆದಿದ್ದೀಯ. ಭಾಷೆ ನಿನ್ನ ಕೈಗೆ ಒಗ್ಗಿದೆ, ಅದರಲ್ಲಿ ಅನುಮಾನವಿಲ್ಲ. ಪಾಳಿಯನ್ನು ನದಿಗೆ ಹೋಲಿಸಿದ್ದೀಯ, ಹಾವಿಗೆ ಹೋಲಿಸಿದ್ದೀಯ, ಕೊನೆಯ ಪುಟದಲ್ಲಿ ಸಾಕ್ಷಾತ್ ಕಾಲಕ್ಕೇ ಹೋಲಿಸಿದ್ದೀಯ. ಓದಿ ಮುಗಿಸಿದ ಮೇಲೆ ನನಗೆ ಗೊತ್ತಾಗದೆ ಉಳಿದದ್ದು ಒಂದೇ: ನಿನ್ನ ಚೀಲದಲ್ಲಿ ಏನಿತ್ತು? ಅಕ್ಕಿಯೋ, ಜೋಳವೋ? ಎಷ್ಟು ಕಿಲೋ? ಹೆಬ್ಬೆರಳು ಒತ್ತಿದಾಗ ಯಂತ್ರ ಮೊದಲ ಸಲಕ್ಕೇ ಒಪ್ಪಿತೋ, ಸೆರಗಿನಿಂದ ಬೆರಳು ಒರೆಸಿಕೊಂಡು ಮತ್ತೆ ಒತ್ತಬೇಕಾಯಿತೋ? ಅಷ್ಟು ಭಾರ ಹೊತ್ತು ಮನೆಗೆ ಹೇಗೆ ಬಂದೆ? ಇದೊಂದೂ ಪ್ರಬಂಧದಲ್ಲಿ ಇಲ್ಲ. ನೀನು ಆ ದಿನ ರೇಷನ್ ತರಲು ಹೋಗಿರಲಿಲ್ಲ, ಪ್ರಬಂಧ ತರಲು ಹೋಗಿದ್ದೆ ಎಂದು ನನ್ನ ಗುಮಾನಿ.

ಸಿಟ್ಟಾಗಬೇಡ. ಇದೇ ತಪ್ಪನ್ನು ನಿನಗಿಂತ ದೊಡ್ಡದಾಗಿ ಮಾಡಿದವಳು ನಾನು.

ನನ್ನ ಮೊದಲ ಸಂಕಲನ ಬಂದ ಹೊಸತು. ಒಂದೆರಡು ಕಡೆ ಒಳ್ಳೆಯ ಮಾತು ಅಚ್ಚಾಗಿ ತಲೆ ಸ್ವಲ್ಪ ಉಬ್ಬಿತ್ತು. ನಮ್ಮ ಓಣಿಯ ಹಿಟ್ಟಿನ ಗಿರಣಿಯ ಮೇಲೆ ಬರೆಯಬೇಕೆಂದು ನಿಶ್ಚಯಿಸಿ, ಐದು ಕಿಲೋ ಬಿಳಿಜೋಳದ ಡಬ್ಬಿಯ ಜೊತೆಗೆ ಒಂದು ವಹಿ, ಪೆನ್ನು ಹಿಡಿದುಕೊಂಡು ಹೋದೆ. ಬೀಸಿಸಿಕೊಂಡು ಬರುವುದೆಂದರೆ ನಿನಗೆ ಗೊತ್ತಿರಬಹುದು, ಗೊತ್ತಿಲ್ಲದಿದ್ದರೂ ಆಶ್ಚರ್ಯವಿಲ್ಲ. ಈಗ ಹಿಟ್ಟೂ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಗೋಧಿ ಬೀಸಿದ ಬೆನ್ನಿಗೆ ಜೋಳ ಹಾಕಿಸಿಕೊಳ್ಳಲು ಯಾರೂ ಒಪ್ಪುವುದಿಲ್ಲ. ಮೊದಲಿನದು ಕಲ್ಲಿನಲ್ಲಿ ಒಂದಿಷ್ಟು ಉಳಿದಿರುತ್ತದೆ, ಅದು ನಮ್ಮ ಹಿಟ್ಟಿಗೆ ಸೇರುತ್ತದೆ. ಹಾಗಾಗಿ ಜೋಳದವರು ಜೋಳದವರ ಹಿಂದೆಯೇ ನಿಲ್ಲಬೇಕು. ಕೊಂಚ ಧಾನ್ಯ ತಂದವರಿಗೆ ಯಾರಾದರೂ ಜಾಗ ಬಿಟ್ಟುಕೊಡಬೇಕು. ಒಂದು ಗಿರಣಿಯ ಪಾಳಿಯಲ್ಲಿ ನಡೆಯುವಷ್ಟು ಚೌಕಾಶಿ ಪುರಸಭೆಯಲ್ಲೂ ನಡೆಯುವುದಿಲ್ಲ. ಅದೆಲ್ಲವನ್ನೂ ಬರೆದುಕೊಳ್ಳೋಣವೆಂದು ಬೆಂಚಿನ ತುದಿಯಲ್ಲಿ ಕುಳಿತು ಪೆನ್ನು ತೆರೆದೆ. ಅಷ್ಟರವರೆಗೆ ಸೊಸೆಯ ತವರಿನ ಸುದ್ದಿ ಹೇಳುತ್ತಿದ್ದ ಇಬ್ಬರು ಹೆಂಗಸರು ತಟ್ಟನೆ ಸುಮ್ಮನಾದರು. ಗಿರಣಿಯವನು ಹಿಟ್ಟು ಮೆತ್ತಿದ ಹುಬ್ಬು ಏರಿಸಿ, ‘ಏನು ಅಕ್ಕಾವರೆ, ಜನಗಣತಿಗೆ ಬಂದಿದ್ದೀರಾ?’ ಎಂದ. ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು, ‘ನಮ್ಮ ಮನೆಯದು ಬರೆಸಿ ಆಗಿದೆ’ ಎಂದು ಮುಖ ತಿರುಗಿಸಿದಳು.

ಮುಂದೆ ಆದದ್ದನ್ನು ನಾನು ಯೋಜಿಸಿರಲಿಲ್ಲ. ನಾಚಿಕೆಯ ಅವಸರದಲ್ಲಿ ಬೇರೆಯವರ ಡಬ್ಬಿ ಎತ್ತಿಕೊಂಡು ಮನೆಗೆ ಬಂದಿದ್ದೆ. ಹಿಟ್ಟು ಬಿಸಿಯಿದ್ದಾಗ ಮುಚ್ಚಿದರೆ ಬೆವರುತ್ತದೆ ಎಂದು ಮುಚ್ಚಳ ತೆಗೆದು ನೋಡಿದರೆ ಬಣ್ಣವೇ ಬೇರೆ. ಸಜ್ಜೆ! ರಾತ್ರಿಯಾಗಿತ್ತು, ಗಿರಣಿ ಮುಚ್ಚಿತ್ತು, ಮನೆಯಲ್ಲಿ ಬೇರೆ ಹಿಟ್ಟಿರಲಿಲ್ಲ. ನಾಲ್ಕು ರೊಟ್ಟಿ ತಟ್ಟಿದೆ. ಮರುದಿನ ವಿಚಾರಿಸುತ್ತ ಹೋಗಿ, ಎರಡು ಓಣಿ ಆಚೆ, ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಡಬ್ಬಿಯ ಒಡತಿಯನ್ನು ಹುಡುಕಿದೆ. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಆಕೆ, ‘ನಿಮ್ಮ ಜೋಳದಲ್ಲಿ ಹರಳಿದ್ದವು. ಕನ್ನಡಕ ಹಾಕಿಕೊಂಡು ಹಸನು ಮಾಡಬೇಕು’ ಎಂದಳು. ನನ್ನ ಹಿಟ್ಟಿನ ರೊಟ್ಟಿ ಅವರ ಮನೆಯಲ್ಲೂ ಆಗಿತ್ತು. ಇಬ್ಬರೂ ನಕ್ಕೆವು. ಇಪ್ಪತ್ತಾರು ವರ್ಷಗಳಿಂದ ಆಕೆ ನನ್ನ ಗೆಳತಿ.

ವಹಿಯಲ್ಲಿ ಆ ದಿನ ಬರೆದುಕೊಂಡ ಎರಡು ಸಾಲು ಈಗ ಎಲ್ಲಿವೆಯೋ ಗೊತ್ತಿಲ್ಲ. ಸಜ್ಜೆಯ ರೊಟ್ಟಿಯ ಅಂಚು ಸುಟ್ಟ ವಾಸನೆ ಮಾತ್ರ ಇನ್ನೂ ಮೂಗಿನಲ್ಲಿದೆ.

ಬರೆಯಲು ಸಮಯವೇ ಇಲ್ಲವೆಂದು ಬರೆದಿದ್ದೀಯ. ಬೆಳಿಗ್ಗೆ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿ, ಸಂಜೆ ಮತ್ತೆ ಚಿಗರಿ, ಭಾನುವಾರ ಕಿರಾಣಿ, ಕಾಯಿಪಲ್ಯ, ಬಟ್ಟೆ. ಗೆಳತಿಯರು ಬಂದರೆ ಅದೂ ಹೋಯಿತು. ನಿಜ, ನಿನ್ನ ದಿನ ತುಂಬಿದೆ. ಆದರೆ ಬಿಡುವು ಬೇರೆ, ಪುರುಸೊತ್ತು ಬೇರೆ ಎಂದು ನನಗೆ ಅನ್ನಿಸುತ್ತದೆ. ನಿಘಂಟು ಎರಡಕ್ಕೂ ಒಂದೇ ಅರ್ಥ ಕೊಡಬಹುದು, ಕೊಡಲಿ. ಬಿಡುವನ್ನು ಶಾಲೆಯ ಗಂಟೆ ಕೊಡುತ್ತದೆ, ಕಚೇರಿಯ ರಜೆ ಕೊಡುತ್ತದೆ. ಪುರುಸೊತ್ತನ್ನು ಯಾರೂ ಕೊಡುವುದಿಲ್ಲ. ಕರೆಂಟು ಹೋಗಿ ಗಿರಣಿ ನಿಂತಾಗ ಅಲ್ಲಿ ಕುಳಿತವರಲ್ಲಿ ಬಿಡುವು ಇದ್ದವರು ಒಬ್ಬರೂ ಇರುವುದಿಲ್ಲ. ಮನೆಯಲ್ಲಿ ಎಸರು ಇಟ್ಟು ಬಂದವರೂ ಇರುತ್ತಾರೆ. ಆದರೂ ಆ ಅರ್ಧ ಗಂಟೆಯ ಮಾತಿನಲ್ಲಿ ಎಂಥ ಪುರುಸೊತ್ತು ಇರುತ್ತದೆ! ಈಗೀಗ ಮೊಬೈಲ್ ಬಂದು ಅದನ್ನೂ ಅರ್ಧ ತಿಂದಿದೆ. ಆ ಪುರಾಣ ಇಲ್ಲಿ ಬೇಡ.

ನಮ್ಮ ಅಜ್ಜಿಯರಿಗೆ ಗಿರಣಿ ಇರಲಿಲ್ಲ, ಬೀಸುಕಲ್ಲಿತ್ತು. ನಸುಕಿನಲ್ಲಿ ಎದ್ದು ಬೀಸುವವರು ಹಾಡುತ್ತ ಬೀಸುತ್ತಿದ್ದರು. ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹಳ್ಳಿಯ ಹೆಂಗಸರ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಅದು ನಿನ್ನ ಹತ್ತಿರ ಇಲ್ಲದಿದ್ದರೆ ನನ್ನ ಪ್ರತಿ ಕೊಡುತ್ತೇನೆ, ಹಿಂದಿರುಗಿಸುವ ಷರತ್ತಿನ ಮೇಲೆ. ಓದುವಾಗ ಒಂದನ್ನು ಗಮನಿಸು. ಆ ಹೆಂಗಸರು ಬೀಸುವ ಕೆಲಸ ಮುಗಿಸಿ ಹಾಡು ಕಟ್ಟಲು ಕುಳಿತವರಲ್ಲ. ಬಲಗೈ ದಣಿದರೆ ಎಡಗೈ, ಕಲ್ಲು ನಿಲ್ಲುವಂತಿಲ್ಲ, ಮನೆಯವರ ಹೊಟ್ಟೆಗೆ ಹಿಟ್ಟು ಬೇಕು. ತವರು, ಕೂಸು, ಅಣ್ಣ ತಮ್ಮ, ನೆರೆಮನೆಯವಳ ಕಟಕಿ, ಎಲ್ಲವೂ ಆ ತಿರುಗಣಿಯಲ್ಲೇ ಬಂದವು. ಯಾರ ಹೆಸರೂ ಉಳಿಯಲಿಲ್ಲ, ಅದು ನನಗೆ ಇವತ್ತಿಗೂ ಸಂಕಟದ ವಿಷಯ.

ನಮ್ಮ ಊರಿನ ಸಾಹಿತ್ಯದ ಕಥೆ ಹೇಳುವವರು ಬೇಂದ್ರೆಯವರ ಗೆಳೆಯರ ಗುಂಪನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಗೋಕಾಕ, ಮುಗಳಿ: ಒಬ್ಬೊಬ್ಬರೂ ಒಂದೊಂದು ಬೆಟ್ಟ. ಆಮೇಲೆ ಸುಭಾಸ ರಸ್ತೆಯ ಅಟ್ಟ, ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಮನೆ. ಕಾಲೇಜಿನಲ್ಲಿದ್ದಾಗ ಪುಸ್ತಕ ಕೊಳ್ಳುವ ನೆಪ ಮಾಡಿ ನಾನೂ ಆ ಅಟ್ಟ ಹತ್ತಿದ್ದೆ. ಮೇಲೆ ಕಾವ್ಯದ ಗಂಭೀರ ಚರ್ಚೆ ನಡೆದಿರುತ್ತದೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಹೋಗಿ ನೋಡಿದರೆ ಮಳೆ ಈ ವರ್ಷ ಯಾಕೆ ತಡವಾಯಿತೆಂಬ ಮಾತು, ಚಹಾ ಇನ್ನೂ ಯಾಕೆ ಬರಲಿಲ್ಲವೆಂಬ ಮಾತು. ಆಗ ನಿರಾಶೆಯಾಗಿತ್ತು. ಗೆಳೆತನ ನಡೆಯುವುದೇ ಅಂಥ ಮಾತಿನ ಮೇಲೆ ಎಂದು ತಿಳಿಯಲು ನನಗೆ ಹಲವು ವರ್ಷ ಬೇಕಾದವು. ಗಂಡಸರಿಗೆ ಕಟ್ಟೆಯಿತ್ತು, ಅಟ್ಟವಿತ್ತು. ನಮ್ಮಂಥವರಿಗೆ ಗಿರಣಿಯ ಬೆಂಚು. ನನಗೆ ಅದರಲ್ಲಿ ತಕರಾರಿಲ್ಲ, ಬೆಂಚು ಇನ್ನೂ ಸ್ವಲ್ಪ ಉದ್ದವಿರಬೇಕಿತ್ತು ಎಂಬುದನ್ನು ಬಿಟ್ಟರೆ.

ಗೆಳತಿಯರ ಬಗ್ಗೆ ನಿನಗೆ ಹೇಳಲೇಬೇಕಾದ ಒಂದು ವಿಷಯವಿದೆ. ಹೇಳಲು ಹಿತವೆನಿಸುವುದಿಲ್ಲ.

ಸಜ್ಜೆಯ ಗೆಳತಿ ಒಂದು ಮಳೆಗಾಲದ ಸಂಜೆ, ಅಂಗಿಯ ಗುಂಡಿಗೆ ಕಾಜಾ ಮಾಡುತ್ತ, ತನ್ನ ಮನೆಯ ಒಂದು ಸಂಗತಿ ಹೇಳಿದಳು. ಅದೇನೆಂದು ನಿನಗೂ ಹೇಳುವುದಿಲ್ಲ. ಮೂರು ತಿಂಗಳ ನಂತರ ನಾನು ಅದನ್ನು ಬರೆದೆ. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ, ಹೊಲಿಗೆ ಯಂತ್ರವನ್ನು ಮಗ್ಗ ಮಾಡಿದ್ದೆ. ಆದರೆ ಆಕೆ ಆಡಿದ ಒಂದು ಮಾತನ್ನು ಇದ್ದ ಹಾಗೆಯೇ ಇಟ್ಟೆ. ಅದಕ್ಕಿಂತ ಒಳ್ಳೆಯ ವಾಕ್ಯ ನನಗೆ ಹೊಳೆಯಲಿಲ್ಲ. ಅದು ಆಕೆ ಎಲ್ಲರೆದುರೂ ಆಡುವ ಮಾತು. ಆ ಒಂದು ಸಾಲಿನಿಂದ ಇಡೀ ಓಣಿಗೆ ತಿಳಿಯಿತು. ಊರ ಹೊರಗಿನ ಓದುಗರು ಪ್ರಬಂಧವನ್ನು ಮೆಚ್ಚಿ ಪತ್ರ ಬರೆದರು. ಆಕೆ ನಮ್ಮ ಮನೆಯ ಕಡೆ ಬರುವುದನ್ನು ಬಿಟ್ಟಳು. ಗಿರಣಿಯಲ್ಲಿ ಎದುರಾದರೆ ಡಬ್ಬಿ ಇಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದಳು.

ದಸರೆಗೆ ಬಂದಳು. ನಮ್ಮ ಕಡೆ ಬನ್ನಿ ಕೊಡಲು ಎಲ್ಲರ ಮನೆಗೂ ಹೋಗಬೇಕಲ್ಲ, ಹಾಗೆ ಬಂದಳು. ಬನ್ನಿ ಕೊಟ್ಟು, ಎಲ್ಲರಿಗೂ ಹೇಳುವಂತೆಯೇ ‘ಬಂಗಾರದ ಹಾಗೆ ಇರೋಣ’ ಎಂದಳು. ಚಹಾ ಕುಡಿದಳು. ಆ ಬರಹದ ಮಾತು ಆಕೆ ತೆಗೆಯಲಿಲ್ಲ, ನನಗೆ ತೆಗೆಯುವ ಧೈರ್ಯವಾಗಲಿಲ್ಲ. ಅದನ್ನು ಯಾವ ಸಂಕಲನಕ್ಕೂ ಸೇರಿಸಿಲ್ಲ. ಈಗ ನಾವು ಮೊದಲಿನಂತೆಯೇ ಇದ್ದೇವೆ ಎಂದು ನೋಡಿದವರು ಹೇಳಬಹುದು. ಆದರೆ ಇಂದಿಗೂ ಆಕೆ ಏನಾದರೂ ಹೇಳುವ ಮುಂಚೆ ನನ್ನ ಕೈಯಲ್ಲಿ ಏನಿದೆ ಎಂದು ಒಮ್ಮೆ ನೋಡುತ್ತಾಳೆ. ಈ ಪತ್ರದಲ್ಲಿ ಬಂದಷ್ಟನ್ನು ನಿನ್ನೆ ಆಕೆಗೆ ಓದಿ ತೋರಿಸಿ ಒಪ್ಪಿಗೆ ಕೇಳಿದೆ. ‘ಹರಳಿನ ಮಾತು ಬಿಡಬೇಡಿ’ ಎಂದಳು, ಅಷ್ಟೇ.

ಆದ್ದರಿಂದ ಗೆಳತಿಯರು ಬಂದಾಗ ಬರವಣಿಗೆಯನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಡು. ಅವರು ಹೋದ ಮೇಲೆ ಅದು ಅಲ್ಲೇ ಇರುತ್ತದೆ, ಯಾರೂ ಮೆಟ್ಟಿಕೊಂಡು ಹೋಗುವುದಿಲ್ಲ.

ಓದಿನ ವಿಷಯ. ವರ್ಷಕ್ಕೆ ಐವತ್ತೆರಡು ಪುಸ್ತಕ ಓದುವ ಗುರಿ ಇಟ್ಟುಕೊಂಡಿದ್ದೀಯಂತೆ. ಗುರಿ ವಿಮೆಯ ಏಜೆಂಟರಿಗೆ ಇರಲಿ, ನಿನಗೇಕೆ? ಚಿಗರಿಯಲ್ಲಿ ಓದು, ಕಣ್ಣು ಎಳೆದರೆ ಮುಚ್ಚಿ ಮಲಗು. ಬೇಸರವಾದ ಪುಸ್ತಕವನ್ನು ಅರ್ಧಕ್ಕೆ ಬಿಡಲು ಕಲಿ. ನಾನು ಕಲಿತದ್ದು ನಲವತ್ತು ದಾಟಿದ ಮೇಲೆ, ಅಷ್ಟರಲ್ಲಿ ಬಹಳ ಬೇಸರವನ್ನು ಮರ್ಯಾದೆಗಾಗಿ ಓದಿ ಮುಗಿಸಿದ್ದೆ. ಮೆಚ್ಚಿದ್ದನ್ನು ಪ್ರತಿ ಮಳೆಗಾಲಕ್ಕೊಮ್ಮೆ ಮತ್ತೆ ಓದು. ಪುಸ್ತಕವಲ್ಲದ್ದನ್ನೂ ಓದು.

ನಮ್ಮ ಅವ್ವ ತಿಂಗಳ ಕಿರಾಣಿ ಯಾದಿಯನ್ನು ಹಳೆಯ ಪಂಚಾಂಗದ ಖಾಲಿ ಜಾಗದಲ್ಲಿ ಬರೆದಿಡುತ್ತಿದ್ದಳು. ಆಕೆ ಹೋದ ಮೇಲೆ ಕಪಾಟು ತೆಗೆದಾಗ ಹದಿನಾಲ್ಕು ವರ್ಷದ ಯಾದಿ ಸಿಕ್ಕಿತು. ಶೇಂಗಾ, ಪುಟಾಣಿ, ಗುರೆಳ್ಳು, ಅಗಸಿ, ಬೆಲ್ಲ, ಚಹಾಪುಡಿ. ಎರಡನೆಯ ಇಯತ್ತೆ ಓದಿದ ಕೈಬರಹ, ‘ಗುರೆಳ್ಳು’ ಬರೆದಾಗಲೆಲ್ಲ ತಪ್ಪು. ಚಹಾಪುಡಿ ಪ್ರತಿ ತಿಂಗಳೂ ಅರ್ಧ ಕಿಲೋ. ಒಂದು ತಿಂಗಳು ಮಾತ್ರ ಎರಡು ಕಿಲೋ ಎಂದಿದೆ. ಅಷ್ಟು ಚಹಾ ಯಾಕೆ ಬೇಕಾಯಿತೆಂದು ಪಂಚಾಂಗದ ಪುಟ ತಿರುಗಿಸಿ ತಿಂಗಳು ನೋಡಿದೆ. ಅಪ್ಪ ತೀರಿಕೊಂಡ ತಿಂಗಳು. ಮಾತನಾಡಿಸಲು ಬಂದವರಿಗೆಲ್ಲ ಚಹಾ ಕೊಟ್ಟಿದ್ದಳು. ಆ ಪುಟದಲ್ಲಿ ಬೇರೇನೂ ಬರೆದಿಲ್ಲ. ಮುಂದಿನ ತಿಂಗಳು ಮತ್ತೆ ಅರ್ಧ ಕಿಲೋ, ಆಮೇಲೆ ಕಾಲು ಕಿಲೋ. ಅದನ್ನು ಓದಿದ ಮೇಲೆ ನನ್ನದೇ ಹಳೆಯ ಪ್ರಬಂಧಗಳಲ್ಲಿ ಎಷ್ಟು ಸಕ್ಕರೆ ಸುರಿದಿದ್ದೇನೆಂದು ಗೊತ್ತಾಯಿತು.

ನಿನ್ನ ಪ್ರಬಂಧವನ್ನು ಇದರ ಜೊತೆ ಮರಳಿಸುತ್ತಿದ್ದೇನೆ. ನದಿ, ಹಾವು, ಕಾಲ, ಮೂರಕ್ಕೂ ಪೆನ್ಸಿಲ್ಲಿನಿಂದ ಗೆರೆ ಹಾಕಿದ್ದೇನೆ; ಅಳಿಸುವ ಹಕ್ಕು ನಿನ್ನದು. ಮೂರನೆಯ ಪುಟದಲ್ಲಿ ಒಬ್ಬ ಮುದುಕ ತನ್ನ ಜಾಗದಲ್ಲಿ ಚಪ್ಪಲಿ ಇಟ್ಟು ನೆರಳಿಗೆ ಹೋಗಿ ಕೂರುತ್ತಾನಲ್ಲ, ಅವನ ಬಗ್ಗೆ ನೀನು ಒಂದೇ ಸಾಲು ಬರೆದಿದ್ದೀಯ. ಇಡೀ ಬರಹದಲ್ಲಿ ನಾನು ನಂಬಿದ್ದು ಆ ಚಪ್ಪಲಿಯನ್ನು. ಪಾಳಿ ಸರಿದಾಗ ಅದನ್ನು ಯಾರು ಮುಂದೆ ಸರಿಸಿದರು? ಕಾಲಿನಿಂದಲೋ, ಕೈಯಿಂದಲೋ? ನೆನಪಿದ್ದರೆ ಬರೆ. ನೆನಪಿಲ್ಲದಿದ್ದರೆ ಕಟ್ಟಿ ಬರೆಯಬೇಡ, ಮುಂದಿನ ತಿಂಗಳು ಮತ್ತೆ ರೇಷನ್ನಿಗೆ ಹೋಗುತ್ತೀಯಲ್ಲ.

ಗುರುವಾರ ಸಂಜೆ ನಾವು ನಾಲ್ವರು ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಸೇರುತ್ತೇವೆ. ಒಬ್ಬಳಿಗೆ ಮೊಣಕಾಲು ನೋವು, ಒಬ್ಬಳಿಗೆ ಮಗ ಅಮೆರಿಕಕ್ಕೆ ಹೋದ ನೋವು, ಸಾಹಿತ್ಯದ ಸುದ್ದಿ ಸಾಮಾನ್ಯವಾಗಿ ಬರುವುದಿಲ್ಲ. ಕಚೇರಿಯಿಂದ ನೇರವಾಗಿ ಬಂದರೆ ಗಿರ್ಮಿಟ್ಟು, ಚಹಾ ಸಿಗುತ್ತದೆ. ಪಂಚಮಿಯ ಶೇಂಗಾ ಉಂಡಿ ಇನ್ನೂ ಏಳೆಂಟು ಉಳಿದಿವೆ, ಗುರುವಾರದವರೆಗೆ ಇರುತ್ತವೆ ಎಂಬ ಭರವಸೆ ಕೊಡಲಾರೆ.

ನಾಳೆ ಇಡೀ ದಿನ ಕರೆಂಟು ಇರುವುದಿಲ್ಲವಂತೆ. ಹಿಟ್ಟು ತಳ ಕಂಡಿದೆ, ಜೋಳ ಹಸನು ಮಾಡಿ ಇಟ್ಟಿದ್ದೇನೆ, ಈ ಸಲ ಕನ್ನಡಕ ಹಾಕಿಕೊಂಡೇ. ಮಳೆ ಸ್ವಲ್ಪ ನಿಂತ ಹಾಗಿದೆ. ಗಿರಣಿಗೆ ಹೋಗಿ ಬರುತ್ತೇನೆ.

ನಿನ್ನ
ಅಕ್ಕ