ದೋಣಿ ತಿರುಗಿತು, ಟವೆಲ್ ಹೋಯಿತು

ಆಕ್ಲೆಂಡ್
ಜನವರಿ, ಸೋಮವಾರ ರಾತ್ರಿ

ಅಪ್ಪನಿಗೆ ಶರಣು,

ತೊಗರಿ ರಾಶಿ ಮುಗಿಯಿತಾ? ಎಕರೆಗೆ ಎಷ್ಟು ಚೀಲ ಇಳಿಯಿತು ಅಂತ ಫೋನಿನಲ್ಲಿ ತಮ್ಮ ಸರಿಯಾಗಿ ಹೇಳಲೇ ಇಲ್ಲ.

ಒಂದು ತಪ್ಪಾಗಿದೆ, ಬೈಯಬೇಡಿ. ಬರುವಾಗ ನೀವು ಹೆಗಲ ಮೇಲೆ ಹಾಕಿ ಕಳಿಸಿದ ಕೆಂಪು ಟವೆಲ್ ಸಮುದ್ರದ ಪಾಲಾಯಿತು.

ನಿನ್ನೆ ಗೆಳೆಯನ ಹಾಯಿದೋಣಿಯಲ್ಲಿ ರಂಗಿಟೊಟೊ ದ್ವೀಪದ ಕಡೆ ಹೋಗಿದ್ದೆವು. ಸುಮಾರು 600 ವರ್ಷದ ಹಿಂದೆ ಲಾವಾ ಉಕ್ಕಿ ಹುಟ್ಟಿದ ದ್ವೀಪ ಅದು. ದಡದ ತುಂಬ ಕರಿ ಕಲ್ಲು. ಹೋಗುವಾಗ ಗಾಳಿ ನಮ್ಮ ಬೆನ್ನಿಗಿತ್ತು. 12 ನಾಟ್ ಇದೆ ಅಂದ ಗೆಳೆಯ, ಅಂದರೆ ಗಂಟೆಗೆ 22 ಕಿಲೋಮೀಟರ್. ನನಗೋ ಗಾಳಿ ಇದೆ ಅಂತಲೇ ಅನಿಸಲಿಲ್ಲ. ಸುಮ್ನೆ ಕೂತಲ್ಲೇ ಬೆವರು!

ಆಗ ನಮ್ಮ ಟ್ರ್ಯಾಕ್ಟರ್ ನೆನಪಾಯಿತು. ಹೊಲದಿಂದ ಬರುವಾಗ ಗಾಳಿ ಹಿಂದಿನಿಂದ ಬೀಸಿದರೆ ಹೊಗೆ ನೆಟ್ಟಗೆ ಮೇಲೇರುತ್ತಿತ್ತು, ಧೂಳು ಟ್ರಾಲಿ ಬಿಟ್ಟು ಕದಲುತ್ತಿರಲಿಲ್ಲ. "ಗಾಳಿನೂ ನಮ್ಮ ಜೋಡಿನೇ ಊರಿಗೆ ಹೊಂಟದ" ಅನ್ನುತ್ತಿದ್ದಿರಲ್ವಾ? ಇಲ್ಲೂ ಅದೇ ಕಥೆ. ದೋಣಿ 6 ನಾಟ್ ವೇಗದಲ್ಲಿ ಗಾಳಿಯ ಜೊತೆಗೇ ಓಡುತ್ತಿತ್ತು. 12ರಲ್ಲಿ 6 ಕಳೆಯಿರಿ, ನನಗೆ ತಾಗಿದ್ದು ಉಳಿದಷ್ಟೇ.

ಮಧ್ಯಾಹ್ನ ವಾಪಸ್ ಹೊರಟೆವು. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗುವುದಿಲ್ಲ. ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತಾ ಹೋಗಬೇಕು. ಗೆಳೆಯ ಚುಕ್ಕಾಣಿ ತಿರುಗಿಸಿದ್ದೇ ತಡ, ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ಒಂದು ಪಕ್ಕಕ್ಕೆ ವಾಲಿತು. ನಾನು ಎರಡೂ ಕೈಯಲ್ಲಿ ಹಗ್ಗ ಹಿಡಿದೆ. ಕುತ್ತಿಗೆಯ ಟವೆಲ್ ಹಾರಿಹೋಯಿತು. ನೀರಿನ ಮೇಲೆ ಸ್ವಲ್ಪ ಹೊತ್ತು ಕೆಂಪಗೆ ತೇಲಿ, ಮುಳುಗಿತು.

ಬಿರುಗಾಳಿ ಎದ್ದಿತು ಅಂದುಕೊಂಡೆ. ಗೆಳೆಯ ನಕ್ಕುಬಿಟ್ಟ. ಗಾಳಿ ಬೆಳಗಿನದೇ, ಅದೇ 12. ಈಗ ನಮ್ಮ ಓಟವೂ ಸೇರಿ ಮೈಗೆ 17ರ ಹತ್ತಿರ ಹೊಡೆಯುತ್ತಿತ್ತಂತೆ; ಓರೆಯಾಗಿ ಹೋಗುತ್ತಿದ್ದರಿಂದ ಪೂರ್ತಿ 18 ಅಲ್ಲ. 6 ಎಲ್ಲಿ, 17 ಎಲ್ಲಿ! ವೇಗ ಮೂರು ಪಟ್ಟೂ ಆಗಿಲ್ಲ, ಹಾಯಿಯ ಮೇಲಿನ ಒತ್ತಡ ಮಾತ್ರ ಎಂಟು ಪಟ್ಟು; ಒತ್ತಡ ಏರುವುದು ವೇಗದ ವರ್ಗದ ಲೆಕ್ಕದಲ್ಲಂತೆ. ಬೆನ್ನಿಗಿದ್ದ ಗಾಳಿ ಜೋರಾದದ್ದು ತಿಳಿಯದೆ, ತಿರುಗಿದ ಮೇಲೆ ಪೇಚಾಡುವವರು ಬಹಳ ಜನರಂತೆ.

ಕಂಬದ ತುದಿಯಲ್ಲಿ ಗಾಳಿ ತೋರಿಸುವ ಬಾಣ ಇದೆ. ಅದೂ ದೋಣಿಗೆ ತಾಗುವ ಗಾಳಿಯನ್ನೇ ತೋರಿಸುತ್ತದೆ. ನಿಜವಾದ ಗಾಳಿ ಬೇಕಾದರೆ ನೀರಿನ ಮೇಲಿನ ಸಣ್ಣ ಸುಕ್ಕು ನೋಡಬೇಕಂತೆ. ಕಣದಲ್ಲಿ ನೀವು ಒಂದು ಹಿಡಿ ಹೊಟ್ಟು ತೂರಿ ನೋಡುತ್ತಿದ್ದಿರಲ್ಲ, ಓಡುವ ದೋಣಿಯಲ್ಲಿ ಹಾಗೆ ಮಾಡಿದರೂ ಲೆಕ್ಕ ತಪ್ಪುತ್ತದೆ.

ಅವ್ವನಿಗೆ ಮೊದಲು ಲೈಫ್ ಜಾಕೆಟ್ ಹಾಕಿಕೊಂಡಿದ್ದೆ ಅಂತ ಹೇಳಿ, ಆಮೇಲೆ ದೋಣಿ ವಿಷಯ ತೆಗೆಯಿರಿ. ಶರಣಬಸವೇಶ್ವರರ ಜಾತ್ರೆಗೆ ರಜೆ ಕೇಳಿದ್ದೇನೆ. ಸಿಕ್ಕರೆ ಅಲ್ಲೇ ಇನ್ನೊಂದು ಟವೆಲ್ ಕೊಳ್ಳೋಣ. ದುಡ್ಡು ನನ್ನದು.

ನಿಮ್ಮ ಮಗ