ಗಾಜಿನ ಪೆಟ್ಟಿಗೆಗಿಂತ ಮೊದಲು ಆಟೋ ಬಾಡಿಗೆ: ದಾನಿಗಳಲ್ಲಿ ಮನವಿ

ಆತ್ಮೀಯ ದಾನಿಗಳೇ, ನಮಸ್ಕಾರ.

ದಿನ ತುಂಬದೆ ಹುಟ್ಟುವ ಮಕ್ಕಳಿಗಾಗಿ ಏನಾದರೂ ಕೊಡಬೇಕು ಅಂತ ಬರುವವರು ಮೊದಲು ಕೇಳುವುದು ಮಗುವನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯನ್ನೇ (ಇನ್‌ಕ್ಯುಬೇಟರ್). ಅದರ ಮೇಲೆ ಹಿರಿಯರ ಹೆಸರು ಬರೆಸಬಹುದು, ತಪ್ಪೇನಿಲ್ಲ. ಆದರೆ ಸಿಂಧನೂರು ಸುತ್ತಿನ ಹಳ್ಳಿ, ಕ್ಯಾಂಪುಗಳ ಬಸುರಿಯರಿಗಾಗಿ ನಮ್ಮ ಟ್ರಸ್ಟ್ ಈ ಸಲ ಕೇಳುತ್ತಿರುವುದು ಆಟೋ ಬಾಡಿಗೆ, ಬಿಪಿ ಮಷೀನು ಮತ್ತು ಮೂತ್ರ ಪರೀಕ್ಷೆಯ ಪಟ್ಟಿ (ಸ್ಟ್ರಿಪ್). ಹೆಸರು ಬರೆಸಲು ಇವುಗಳಲ್ಲಿ ಜಾಗವಿಲ್ಲ.

37 ವಾರ ತುಂಬುವ ಮೊದಲೇ ಆಗುವ ಹೆರಿಗೆಗೆ ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಹಿಂದೊಮ್ಮೆ ಹಾಗಾಗಿದ್ದರೆ, ಹೊಟ್ಟೆಯಲ್ಲಿ ಅವಳಿ ಇದ್ದರೆ ಅಪಾಯ ಜಾಸ್ತಿ. ಅಂಥವರನ್ನು ಡಾಕ್ಟರು ಕಣ್ಣಿಟ್ಟು ನೋಡಿಕೊಳ್ಳಬೇಕು. ಇದೇ ಅಪಾಯವನ್ನು ಹೆಚ್ಚಿಸುವ ರಕ್ತಹೀನತೆ, ಬಿಪಿ, ಸಕ್ಕರೆ, ಮೂತ್ರದ ಸೋಂಕು ಮಾತ್ರ ಸಣ್ಣ ಪರೀಕ್ಷೆಯಲ್ಲೇ ಗೊತ್ತಾಗುತ್ತವೆ.

ಉರಿಮೂತ್ರವನ್ನೇ ತಗೊಳ್ಳಿ. ಭತ್ತದ ನಾಟಿಗೆ ಹೋದ ಬಸುರಿ, ಗದ್ದೆಯಲ್ಲಿ ಮರೆಯಿಲ್ಲ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಉರಿ ಶುರುವಾದರೆ "ಉಷ್ಣ ಆಗಿದೆ, ಮಜ್ಜಿಗೆ ಕುಡಿ" ಅನ್ನುತ್ತಾರೆ ಅತ್ತೆ. ಎಷ್ಟೋ ಸಲ ಉರಿಯೇ ಇರುವುದಿಲ್ಲ, ಸೋಂಕು ಮಾತ್ರ ಒಳಗೇ ಇರುತ್ತದೆ. ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ಎರಡು ನಿಮಿಷ ಕಾದರೆ ಸಾಕು, ಬಣ್ಣ ಬದಲಾದರೆ ಡಾಕ್ಟರ ಹತ್ತಿರ ಕಳಿಸಬೇಕು. ಮುಖ, ಕೈ ಊದಿಕೊಂಡರೂ "ಬಸುರಿ ಅಲ್ವಾ" ಅಂತ ಮನೆಯವರು ಸುಮ್ಮನಾಗುತ್ತಾರೆ. ಬಿಪಿ ನೋಡದೆ ಅದು ಸಹಜವೋ ಅಲ್ಲವೋ ಯಾರು ಹೇಳಬೇಕು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಕಬ್ಬಿಣದ ಮಾತ್ರೆ ಸರ್ಕಾರವೇ ಪುಕ್ಕಟೆ ಕೊಡುತ್ತದೆ. ನುಂಗಿದ ಕೂಡಲೇ ಚಹಾ ಕುಡಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತ ಕೂತು ಹೇಳುವವರು ಬೇಕು. ಎಲೆಅಡಿಕೆ ಜೊತೆ ಹೊಗೆಸೊಪ್ಪು ಬೇಡ, ಬಾಣಂತನ ಮುಗಿಯುತ್ತಲೇ ಮತ್ತೆ ಬಸುರಾಗುವುದು ಬೇಡ ಅಂತಲೂ ಹೇಳಬೇಕು. ಈ ಮಾತನ್ನು ಗಂಡನಿಗೂ ಹೇಳಬೇಕು ಅನ್ನಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಹೋದರೆ ಒಂದು ದಿನದ ಕೂಲಿ ಹೋಯಿತು, ಮೇಲೆ ಆಟೋ ಖರ್ಚು. ಅದಕ್ಕೇ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಮನೆಯ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

₹300 ಕೊಟ್ಟರೂ ಸಂತೋಷ, ₹3,000 ಕೊಟ್ಟರೂ ಸಂತೋಷ. ಚೆಕ್ ಟ್ರಸ್ಟಿನ ಹೆಸರಿಗೇ ಇರಲಿ, ರಸೀದಿ ಕೇಳಿ ಪಡೆಯಿರಿ. ದುಡ್ಡು ಕೊಡಲಾಗದಿದ್ದರೆ, ಕಾರು ಇರುವವರು 9ನೇ ತಾರೀಕು ಅರ್ಧ ದಿನ ಕೊಟ್ಟರೂ ನಡೆಯುತ್ತದೆ. ಪೆಟ್ರೋಲ್ ನಾವೇ ಹಾಕಿಸುತ್ತೇವೆ.